ಉಕ್ಕುಮುಖನ ಊಟ

"ಅಕ್ಕ, ಇನ್ಮೇಲೆ ನೀನು ಒಂದು ಅಕ್ಷರಾನೂ ನುಂಗಬೇಕಾಗಿಲ್ಲ," ಎಂದು ಇಂದುಮತಿಯ ತಮ್ಮ ಶ್ರೀಕಂಠ ಹಳೆಯ ಹೊದಿಕೆಯನ್ನು ಎಳೆದ. ಅದರಡಿಯಲ್ಲೊಂದು ಯಂತ್ರ. ಮಿಕ್ಸಿಯ ಮೋಟಾರು, ರೇಡಿಯೋದ ಹೊಟ್ಟೆ, ನೆತ್ತಿಯ ಮೇಲೆ ಇಡ್ಲಿ ತಟ್ಟೆ.

"ನಮ್ಮನೆ ಇಡ್ಲಿ ತಟ್ಟೆ ಅಲ್ವೇನೋ ಇದು?"

"ಅದು ಆಂಟೆನಾ."

"ಮೂರು ವಾರದಿಂದ ಹುಡುಕ್ತಿದೀನಿ ಕಣೋ."

ಮೈಸೂರಿನ ಒಂದು ಹಿಟ್ಟಿನ ಗಿರಣಿಯ ಮೇಲಿನ ಆ ಪುಟ್ಟ ಡಬ್ಬಿಂಗ್ ಕೋಣೆಯಲ್ಲಿ ಇಂದುಮತಿ ಹತ್ತು ವರ್ಷಗಳಿಂದ ಸಿಡಿಲ್ಕುಮಾರನಿಗೆ ಕಂಠ ಕೊಡುತ್ತಿದ್ದರು. ಅವನು ಪರದೇಶದ ಕಾರ್ಟೂನ್ ಧಾರಾವಾಹಿಯ ನಾಯಕ. ಹಗಲು ಗಣಿತಕ್ಕೆ ಹೆದರಿ, ಸಂಜೆ ಹಾರಾಡಿ ಊರು ಕಾಯುವ ಹದಿನೈದರ ಹುಡುಗ. ಇಂದುಮತಿಗೆ ಐವತ್ತನಾಲ್ಕು. ಆದರೆ ಮಂಗಳವಾರ ಮಂಗಳವಾರ, ಮೈಕಿನ ಮುಂದೆ ನಿಂತಷ್ಟು ಹೊತ್ತು, ಅವರಿಗೂ ಹದಿನೈದು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕರಗಿಹೋಗುವಂಥದ್ದು ಅದು.

ತೊಂದರೆಯೆಲ್ಲ ತುಟಿಗಳದ್ದು. ಆ ಹುಡುಗ ಎರಡು ಸಲ ಬಾಯಿ ತೆರೆದು ಮುಗಿಸಿಬಿಡುತ್ತಿದ್ದ. ಕನ್ನಡದಲ್ಲಿ ಅದೇ ಮಾತು 'ನಿನ್ನನ್ನು ನಾನು ಸುಮ್ಮನೆ ಬಿಡುವುದಿಲ್ಲ' ಎಂದು ಉದ್ದಕ್ಕೆ ಬೆಳೆಯುತ್ತಿತ್ತು. ಅವನು ಬಾಯಿ ಮುಚ್ಚಿದ ಮೇಲೂ 'ಬಿಡುವುದಿಲ್ಲ' ಒಂಟಿಯಾಗಿ ಗಾಳಿಯಲ್ಲಿ ನಿಂತಿರುತ್ತಿತ್ತು. ಚಾನೆಲ್ಲಿನವರು ಕೊನೆಯ ಎಚ್ಚರಿಕೆ ಕೊಟ್ಟಿದ್ದರು: ಈ ಕಂತಿನಲ್ಲೂ ಮಾತಿಗೆ ತುಟಿ ಕೂರದಿದ್ದರೆ ಬೇರೆ ಕಂಠ ಹುಡುಕುತ್ತೇವೆ. ನೋಡಿ ತೀರ್ಮಾನಿಸಲು ಚಾನೆಲ್ಲಿನ ನಿವೇದಿತಾ ಮೇಡಂ ಮೂರು ಗಂಟೆಗೆ ಬರುವವರಿದ್ದರು.

"ಇಷ್ಟು ದಿನ ನೀನು ಮಾತನ್ನ ಚಿತ್ರಕ್ಕೆ ಹೊಂದಿಸ್ತಿದ್ದೆ. ನನ್ನ ಯಂತ್ರ ಚಿತ್ರಾನೇ ಮಾತಿಗೆ ಹೊಂದಿಸುತ್ತೆ," ಎಂದ ಶ್ರೀಕಂಠ. "ಹೇಳಿ ನೋಡು."

ಇಂದುಮತಿ ಹೇಳಿದರು. ಪರದೆಯ ಮೇಲೆ ಸಿಡಿಲ್ಕುಮಾರ 'ಬಿಡುವುದಿಲ್ಲ'ದ ಕೊನೆಯ ಅಕ್ಷರದವರೆಗೂ ಬಾಯಾಡಿಸಿದ. ಚಾಮರಾಜಪುರದಲ್ಲೇ ಹುಟ್ಟಿ ಬೆಳೆದವನ ಹಾಗೆ.

ಅಷ್ಟರಲ್ಲಿ ಗುರುಸಿದ್ದಪ್ಪನವರು ಮೆಟ್ಟಿಲು ಹತ್ತಿ ಬಂದರು. ಗದಗಿನ ಕಡೆಯವರು, ಮೂವತ್ತು ವರ್ಷ ಕಂಪನಿ ನಾಟಕಗಳಲ್ಲಿ ಖಳನಾಯಕರಾಗಿದ್ದು, ಈಗ ಧಾರಾವಾಹಿಯ ಖಳ ಉಕ್ಕುಮುಖನಿಗೆ ಕಂಠವಾಗಿದ್ದರು. ಅವರು ಕೆಮ್ಮಿದರೆ ಕೆಳಗೆ ಗಿರಣಿಯಲ್ಲಿ ಜೋಳ ತಾನಾಗಿಯೇ ನುಚ್ಚಾಗುತ್ತದೆಂದು ಪ್ರತೀತಿ.

ಹೊಡೆದಾಟದ ದೃಶ್ಯ ಶುರುವಾಯಿತು. ಉಕ್ಕುಮುಖ ಸೇತುವೆಯೊಂದನ್ನು ಕಿತ್ತು ಎತ್ತಿ ಹಿಡಿದಿದ್ದ. ಸಿಡಿಲ್ಕುಮಾರ ಮುಷ್ಟಿ ಬಿಗಿದು ಅವನ ಮೂಗಿನೆದುರಿಗೆ ಹಾರಿದ್ದ. ಎಲ್ಲರೂ ಮೈಕು ಪರೀಕ್ಷಿಸಲು ಒಂದು, ಎರಡು, ಮೂರು ಎನ್ನುತ್ತಾರೆ. ಇಂದುಮತಿ ಹತ್ತು ವರ್ಷಗಳಿಂದ ಕೇಳುತ್ತಿದ್ದದ್ದು ಒಂದೇ ಮಾತು.

"ಊಟ ಆಯ್ತಾ?"

ಪರದೆಯ ಮೇಲೆ ಸಿಡಿಲ್ಕುಮಾರ ಮುಷ್ಟಿ ಇಳಿಸಿ ಅಕ್ಕರೆಯಿಂದ ಕೇಳಿದ: "ಊಟ ಆಯ್ತಾ?"

"ಎಲ್ಲೀದ್ರೀ ಅಕ್ಕಾರ. ಮುಂಜಾನಿಂದ ಬರೇ ಚಾ ಮ್ಯಾಲ ಅದೀನಿ," ಎಂದರು ಗುರುಸಿದ್ದಪ್ಪ. ಉಕ್ಕುಮುಖನೂ ಹಾಗೆಯೇ ಹೇಳಿ, ಸೇತುವೆಯನ್ನು ಪಕ್ಕಕ್ಕಿಟ್ಟ.

"ಅಯ್ಯೋ, ಎರಡು ಗಂಟೆ ಆಯ್ತು. ಕೂತ್ಕೊಳ್ಳಿ, ಎಲೆ ಹಾಕ್ತೀನಿ."

ಕೋಣೆಯಲ್ಲಿ ಇಂದುಮತಿ ತಮ್ಮ ಡಬ್ಬಿ ಬಿಚ್ಚಿದರು. ಪರದೆಯಲ್ಲಿ, ಉರಿಯುತ್ತಿದ್ದ ಪೇಟೆಯ ನಡುರಸ್ತೆಯಲ್ಲಿ, ಸಿಡಿಲ್ಕುಮಾರ ಬಾಳೆಲೆ ಹಾಸಿ ನೀರು ಚಿಮುಕಿಸಿದ.

"ಮಾತಾಡಬೇಡ ಅಕ್ಕ, ಯಂತ್ರ ಆನ್ ಇದೆ," ಎಂದು ಶ್ರೀಕಂಠ ಕೂಗಿದ. ಅವನ ದನಿ ಸಿಕ್ಕ ಬಾಯಿಗೆ ಹೋಯಿತು. ದಪ್ಪ ಮೀಸೆಯ ಪೊಲೀಸ್ ಅಧಿಕಾರಿಯೊಬ್ಬ ಜೀಪಿನಿಂದ ತಲೆ ಹಾಕಿ ಸಿಡಿಲ್ಕುಮಾರನನ್ನು ಅಕ್ಕ ಎಂದು ಕರೆದ.

"ಹಿಂದಕ್ಕೆ ತಿರುಗಿಸೋ."

"ಹಿಂದಕ್ಕೆ ಹೋಗೋ ಗುಂಡಿ ಇಟ್ಟಿಲ್ಲ."

"ಇಡ್ಲಿ ತಟ್ಟೆ ಕದಿಯಕ್ಕೆ ಪುರುಸೊತ್ತಿತ್ತು, ಗುಂಡಿ ಇಡಕ್ಕಿರಲಿಲ್ವಾ?" ಎಂದು ಸಿಡಿಲ್ಕುಮಾರ ಪೊಲೀಸ್ ಅಧಿಕಾರಿಯನ್ನು ಗದರಿದ.

ಉಳಿದದ್ದು ಒಂದೇ ದಾರಿ: ಮಾತಾಡಿಯೇ ಹೊಡೆದಾಟವನ್ನು ಮರಳಿ ತರಬೇಕು. ಇಂದುಮತಿ ಕಾಗದ ಹಿಡಿದು, "ಬಾರೋ ಉಕ್ಕುಮುಖ, ಇವತ್ತು ನಿನ್ನ ಕೊನೆ," ಎಂದು ಓದಿದರು. ಹುಡುಗ ಚಂಗನೆ ಹಾರಿ ಮುಷ್ಟಿ ಎತ್ತಿದ. ಈಗ ಉಕ್ಕುಮುಖನ ಸರದಿ.

ಗುರುಸಿದ್ದಪ್ಪ ಬಿಸಿಬೇಳೆಬಾತಿನ ಕೊನೆಯ ತುತ್ತು ನುಂಗಿ, ಕೈ ತೊಳೆದು ಬಂದು, ಮೈಕಿನ ಮುಂದೆ ಕೈಕಟ್ಟಿ ನಿಂತರು.

"ಹೇಳ್ರೀ. 'ನಿನ್ನನ್ನು ಬೂದಿ ಮಾಡುತ್ತೇನೆ.'"

"ಆಗಂಗಿಲ್ರೀ ಅಕ್ಕಾರ. ಬಡಿದಾಟದ ಸೀನಿಗಿಂತ ಮೊದಲ ನಾನು ಎಂದೂ ನಾಯಕನ ಡಬ್ಬಿ ಮುಟ್ಟಿದಾಂವಲ್ಲ. ಇವತ್ತ ಮುಟ್ಟಿಬಿಟ್ಟೆ. ನಿಮ್ಮ ಉಪ್ಪು ಉಂಡು ನಿಮಗ ಬೂದಿ ಮಾಡ್ತೀನಿ ಅಂತ ಹೆಂಗನ್ಲಿ?"

"ಬರೀ ಮಾತು ಕಣ್ರೀ ಅದು."

"ಪರದೆ ಮ್ಯಾಲಿನ ಮಂದಿ ನಡಿಯೂದ ಮಾತಿನ ಮ್ಯಾಲ ಅಲ್ಲೇನ್ರಿ?"

ಇಂದುಮತಿ ಪರದೆಯತ್ತ ತಿರುಗಿದರು. ಮಾತು ನಿಂತದ್ದರಿಂದ ಅಲ್ಲೂ ಎಲ್ಲ ನಿಂತಿತ್ತು. ಹತ್ತು ವರ್ಷಗಳಲ್ಲಿ ಅವರು ಆ ಹುಡುಗನನ್ನು ಸುಮ್ಮನಿರುವಾಗ ನೋಡಿರಲೇ ಇಲ್ಲ. ಅವನ ಮೂಗಿನ ಮೇಲೆ ಸಣ್ಣ ಮಚ್ಚೆಗಳಿದ್ದವು. ಅವನು ಹೊರಕ್ಕೆ, ನೇರವಾಗಿ ಅವರತ್ತಲೇ ನೋಡುತ್ತಾ ಮುಂದಿನ ಮಾತಿಗಾಗಿ ಕಾಯುತ್ತಿದ್ದ. ಅವನ ಬಾಯಲ್ಲಿ ಜಗಳ ಹಾಕಿಸಲು ಇಂದುಮತಿಗೆ ಮನಸ್ಸು ಬರಲಿಲ್ಲ. ಕೆಲಸ ಹೋದರೆ ಹೋಗಲಿ.

"ಮಜ್ಜಿಗೆ ಹಾಕ್ಲಾ?" ಎಂದರು ಮೆಲ್ಲಗೆ.

ಉಕ್ಕುಮುಖ ಕೈ ಒಡ್ಡಿದ.

ಆಗಲೇ ಬಾಗಿಲು ತೆರೆದು ನಿವೇದಿತಾ ಒಳಗೆ ಬಂದು ಪರದೆ ನೋಡಿದರು. "ಇದರಲ್ಲಿ ಹೊಡೆದಾಟ ಇತ್ತಲ್ವಾ?" ಆ ಮಾತು ರಸ್ತೆಯಂಚಿನ ನಾಯಿಗೆ ಹೋಯಿತು. ನಾಯಿ ಎಲೆಯತ್ತ ನೋಡಿ ಹಾಗೆಯೇ ಕೇಳಿತು.

ಶ್ರೀಕಂಠ ಪ್ಲಗ್ಗು ಕಿತ್ತ.

"ತುಟಿ ಕೂತಿದೆ," ಎಂದರು ನಿವೇದಿತಾ. "ನಾಯಿದೂ ಕೂತಿದೆ. ಕಂಠ ಇವರದ್ದೇ ಇರಲಿ."

ಭಾನುವಾರ ಆ ಕಂತು ಪ್ರಸಾರವಾಯಿತು. ಮಕ್ಕಳು ನೋಡಿ ಎರಡೆರಡು ಸಲ ಅನ್ನ ಹಾಕಿಸಿಕೊಂಡರಂತೆ. ಆದರೆ ಇಡ್ಲಿ ತಟ್ಟೆಯ ಆಂಟೆನಾ ಎಷ್ಟು ದೂರ ಮುಟ್ಟುತ್ತದೆಂದು ಶ್ರೀಕಂಠ ಯೋಚಿಸಿರಲಿಲ್ಲ. ಪರದೇಶದಿಂದ ಬಂದ ಮುಂದಿನ ಕಂತುಗಳಲ್ಲೂ, ಅಲ್ಲಿ ಯಾರೂ ಬರೆಯದಿದ್ದರೂ, ಉಕ್ಕುಮುಖ ಸರಿಯಾಗಿ ಒಂದೂವರೆಗೆ ಆಕಾಶದಿಂದಿಳಿದು, ಚಪ್ಪಲಿ ಹೊರಗೆ ಬಿಟ್ಟು, ಎಲೆಯ ಮುಂದೆ ಕೂರುತ್ತಿದ್ದ.

ಅಂಥದೊಂದು ಮಂಗಳವಾರ ಗುರುಸಿದ್ದಪ್ಪ ಇಂದುಮತಿಯ ಡಬ್ಬಿಯನ್ನು ತಾವೇ ಬಿಚ್ಚುತ್ತಾ ಹೇಳಿದರು: "ಪಾರ್ಟ್ ಭಾಳ ಸಣ್ಣದಾತ್ರೀ ಅಕ್ಕಾರ. ಉಪ್ಪು ಒಂಚೂರು ಕಡಿಮಿ ಹಾಕ್ರಿ. ಹಬ್ಬಕ್ಕೊಮ್ಮೆರ ಬಡಿದಾಡಾಕ ಬರ್ತೈತಿ."