ಹೀಟರ್ ಮುಂದಿನ ಕರಿಬೇವು

ನಮ್ಮ ಭಾವನ ಮನೆಯಲ್ಲಿ ಬೇರೆ ಯಾರಿಗೂ ಸಿಗದ ರಾಜೋಪಚಾರ ಒಬ್ಬರಿಗೆ ಮಾತ್ರ ಸಿಗುತ್ತದೆ. ಅವರಿಗೊಂದು ಪ್ರತ್ಯೇಕ ಕೋಣೆ, ಕೋಣೆಗೆ ಹಗಲೂ ರಾತ್ರಿ ಹೀಟರು, ಸ್ನಾನಕ್ಕೆ ಉಗುರುಬೆಚ್ಚಗಿನ ನೀರು, ಸೊಂಟಕ್ಕೆ ಭಾವನ ಹಳೆಯ ಮಫ್ಲರು. ಮೊಮ್ಮಗು ಎಂದುಕೊಂಡಿರಾ? ಅಲ್ಲ! ಎರಡೂವರೆ ಅಡಿ ಎತ್ತರದ ಒಂದು ಕರಿಬೇವಿನ ಗಿಡ!

ನಗಬೇಡಿ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೂವತ್ತು ವರ್ಷ ವಾರ್ಡನ್ ಆಗಿದ್ದು, ದಿನವೂ ಐದೂವರೆಗೆ ಗಂಟೆ ಬಾರಿಸಿ ಇನ್ನೂರು ಹುಡುಗಿಯರನ್ನು ಎಬ್ಬಿಸಿದವಳು ನಾನು. ಅಂಥವಳು ಒಂದು ಹೂಕುಂಡದ ಕೈಕೆಳಗೆ ಮೂರು ತಿಂಗಳು ಬಾಳಿ ಬಂದಿದ್ದೇನೆ.

ಭಾವ ಮೈಸೂರಿನ ಪಕ್ಕದ ಹೂಟಗಳ್ಳಿಯವರು. ಲೇತ್ ಮೇಲೆ ಕೆಲಸ ಮಾಡುತ್ತಿದ್ದವರು, ಪ್ರಾಯದಲ್ಲಿಯೇ ಅಕ್ಕನನ್ನು ಕರೆದುಕೊಂಡು ಇಂಗ್ಲೆಂಡಿನ ಉತ್ತರದ ಒಂದು ಸಣ್ಣ ಊರಿನ ಕಾರ್ಖಾನೆಗೆ ಹೋದರು. ನಿವೃತ್ತರಾದ ಮೇಲೂ ಅಲ್ಲೇ ಉಳಿದರು. ಕಳೆದ ಚಳಿಗಾಲದಲ್ಲಿ ಅಕ್ಕನಿಗೆ ಮಂಡಿ ಆಪರೇಷನ್ ಆಯಿತು. ಶುಶ್ರೂಷೆಗೆಂದು ಮೈಸೂರಿನ ಯಾದವಗಿರಿಯ ನನ್ನ ಮನೆಗೆ ಬೀಗ ಹಾಕಿ ನಾನು ಹೊರಟೆ.

ಟ್ಯಾಕ್ಸಿ ಇಳಿದು, ಹಲ್ಲು ಕಟಕಟ ಎನ್ನುತ್ತಿರುವಾಗ ಹೊಸ್ತಿಲಲ್ಲಿ ಕಾಲಿಟ್ಟೆ. ಒಳಗಿಂದ ಭಾವ ಕೂಗಿದರು.

"ಬಾಗ್ಲಾಕಮ್ಮ, ಬಾಗ್ಲಾಕು! ತಣ್ಣನೆ ಗಾಳಿ ಹೊಡೀತದೆ!"

ಎಂಥ ಅಂತಃಕರಣ ಎಂದುಕೊಂಡೆ. "ಪರವಾಗಿಲ್ಲ ಭಾವ, ಸ್ವೆಟರ್ ಹಾಕಿದ್ದೀನಿ" ಎಂದೆ.

"ನಿಂಗಲ್ಲ ಕಣಮ್ಮ, ಅದಕ್ಕೆ!" ಎಂದು ಗಿಡದ ಕಡೆ ಕೈ ತೋರಿಸಿದರು.

ಅಲ್ಲಿ ಎಲ್ಲದರ ಬೆಲೆಯೂ ಏರಿದೆ. ಮನೆ ಬೆಚ್ಚಗಿಡುವ ಖರ್ಚು ಏರಿದ್ದಕ್ಕೆ ಭಾವ ಉಳಿದೆಲ್ಲ ಕೋಣೆಗಳ ಹೀಟರ್ ಆರಿಸಿ, ಒಂದೇ ಕೋಣೆಯದನ್ನು ಉರಿಸುತ್ತಿದ್ದರು. ಯಾವುದು? ಗಿಡದ ಕೋಣೆ! ಹಾಗಾಗಿ ಅಕ್ಕನ ಮಂಚ ಅಲ್ಲಿ, ಊಟದ ಮೇಜು ಅಲ್ಲಿ, ನನ್ನ ಹಾಸಿಗೆಯೂ ಅಲ್ಲಿ. ನಾವು ಮೂವರೂ ಆ ಗಿಡದ ಮನೆಯಲ್ಲಿ ಬಾಡಿಗೆಗೆ ಇದ್ದಂತೆ ಇದ್ದೆವು.

ಇಷ್ಟಕ್ಕೂ ಅದನ್ನು ಸಾಕಿದ್ದೇಕೆ? ಅಂಗಡಿಯಲ್ಲಿ ಕರಿಬೇವು ದುಬಾರಿಯಾಯಿತೆಂದು! ಬೆರಳೆಣಿಕೆಯ ಕಡ್ಡಿಗಳನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಲಗಿಸಿ ಮಾರುತ್ತಾರೆ, ಹೋದ ವಾರದ ಬೆಲೆ ಈ ವಾರ ಇರುವುದಿಲ್ಲ. ಭಾವ ಪೊಟ್ಟಣವನ್ನು ಎತ್ತಿ, ಬೆಲೆ ಓದಿ, ಒಮ್ಮೆ ಮೂಸಿ, ವಾಪಸು ಇಟ್ಟುಬಿಡುತ್ತಿದ್ದರಂತೆ. ನುಗ್ಗೆಕಾಯಿಯದೂ ಅದೇ ಪಾಡು. "ಒಂದು ಕಾಯಿಗೆ ಕೊಡೋ ಕಾಸಿಗೆ ನಮ್ಮೂರಲ್ಲಿ ಮರಾನೇ ಬತ್ತದೆ" ಎಂದು ಅಂಗಡಿಯವನಿಗೆ ಕನ್ನಡದಲ್ಲೇ ಹೇಳಿ ಬಂದಿದ್ದರು. ಕೊನೆಗೆ ಪಕ್ಕದ ಬೀದಿಯ ತಮಿಳು ಅಜ್ಜಿಯೊಬ್ಬರು ತಮ್ಮ ಕುಂಡದಿಂದ ಒಂದು ಸಸಿ ಕಿತ್ತುಕೊಟ್ಟರು.

"ಎಲೆ ದುಬಾರಿ ಅಂತ ಗಿಡ ತಂದ್ರು, ಗಿಡಕ್ಕೆ ಚಳಿ ಅಂತ ಹೀಟರ್ ಹಾಕಿದ್ರು" ಎಂದು ಅಕ್ಕ ಮಂಚದಿಂದಲೇ ಲೆಕ್ಕ ಒಪ್ಪಿಸಿದಳು. "ಆ ಹೀಟರ್ ದುಡ್ಡಲ್ಲಿ ನಾನು ದಿನಾ ಕರಿಬೇವಿನ ಹಾರ ಹಾಕ್ಕೊಂಡು ಓಡಾಡಬಹುದಿತ್ತು ಕಣೇ!"

"ನೀನು ಮೊದಲು ಮಂಡಿ ಮಡಚಿ ಓಡಾಡು, ಹಾರ ಆಮೇಲೆ ನೋಡ್ಕಳಾಣ" ಎಂದರು ಭಾವ.

ಈ ಜಾಗದಲ್ಲಿ ನನ್ನದೊಂದು ತಪ್ಪೊಪ್ಪಿಗೆ ಆಗಬೇಕು. ನನ್ನ ಹಿತ್ತಲಿನಲ್ಲಿ ಕರಿಬೇವಿನ ಮರವೇ ಇದೆ. ಹಿಂದಿನ ಸಾಲಿನ ಮನೆಯಾಕೆ ಹೊತ್ತುಗೊತ್ತಿಲ್ಲದೆ ಬಂದು ಕೀಳುತ್ತಾಳೆಂದು ಅದಕ್ಕೆ ಒಂದು ಬೋರ್ಡು ತಗುಲಿಸಿದ್ದೆ: "ಕರಿಬೇವು ಬೇಕಾದವರು ಬೆಳಿಗ್ಗೆ ಆರರಿಂದ ಆರೂವರೆಯೊಳಗೆ ಬರತಕ್ಕದ್ದು." ಇಷ್ಟು ಬಿಗಿ ಮಾಡಿದ ನಾನು ತಿನ್ನುತ್ತೇನೆಯೇ? ಇಲ್ಲ! ಹುಟ್ಟಿದಾಗಿನಿಂದ ತಟ್ಟೆಯಲ್ಲಿ ಕಂಡ ಕರಿಬೇವನ್ನೆಲ್ಲ ಹೆಕ್ಕಿ ಅಂಚಿಗೆ ಸಾಲಾಗಿ ಜೋಡಿಸುವುದು ನನ್ನ ಅಭ್ಯಾಸ. ಬಾಯಿಗೆ ಸಿಕ್ಕರೆ ಕಾಗದ ಅಗಿದಂತಾಗುತ್ತದೆ.

ಭಾವನ ಮನೆಯ ಕಾನೂನು ನನ್ನ ಬೋರ್ಡಿಗಿಂತ ಬಿಗಿ. ಗಿಡದಿಂದ ಕೀಳುವಂತಿಲ್ಲ. ತಾನಾಗಿ ಉದುರಿದ ಎಲೆ ಮಾತ್ರ ಅಡುಗೆಗೆ! ಉದುರಿದ್ದನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟು, ಭಾನುವಾರದ ಸಾರಿಗೆ ಒಂದೇ ಒಂದನ್ನು ಹಾಕುತ್ತಿದ್ದರು. ಯಾರ ಸೌಟಿಗೆ ಬರುತ್ತದೋ ಅವರ ಪುಣ್ಯ. ಮೊದಲನೇ ಭಾನುವಾರ ನನಗೇ ಬಂತು. ಮಾತಾಡುತ್ತ ಆಡುತ್ತ ಅದನ್ನು ಹೆಕ್ಕಿ ಅಂಚಿಗೆ ಇಟ್ಟೆ.

ಭಾವ ಎಲೆಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಆಮೇಲೆ ಕೈ ಚಾಚಿ ನನ್ನ ತಟ್ಟೆಯಿಂದ ಆ ಎಲೆ ಎತ್ತಿಕೊಂಡು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಅಗಿದರು! ಅರವತ್ತೆಂಟು ವರ್ಷ ಬದುಕಿದ್ದೇನೆ, ಎಂಜಲು ತಟ್ಟೆಯ ಮುಂದೆ ಅಷ್ಟು ಅವಮಾನ ನನಗೆಂದೂ ಆಗಿರಲಿಲ್ಲ.

ಅವಮಾನವಾದ ವಾರ್ಡನ್ ಸುಮ್ಮನಿರುತ್ತಾಳೆಯೇ? ಕರಿಬೇವನ್ನು ಕಿತ್ತಷ್ಟೂ ಚಿಗುರುತ್ತದೆ, ಕುಡಿ ಚಿವುಟಿದರೆ ಕವಲೊಡೆಯುತ್ತದೆ ಎಂದು ದಿನಾ ಉಪನ್ಯಾಸ ಮಾಡಿದೆ. ಭಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಬೆಳಿಗ್ಗೆ ಅವರು ಹಾಲು ತರಲು ಹೋಗಿದ್ದಾಗ ನಾನೇ ಕುಡಿ ಚಿವುಟಿಬಿಟ್ಟೆ. ಚಿವುಟಿದ್ದನ್ನು ಎಸೆಯುವುದೇಕೆಂದು ಅವಲಕ್ಕಿಯ ಒಗ್ಗರಣೆಗೆ ಹಾಕಿದೆ.

ಭಾವ ಬಾಗಿಲು ತೆರೆದರು. ಮೂಗು ಅರಳಿತು. "ಏನ್ ಗಮಲು ಇದು! ಊರಿಗೇ ಹೋದಂಗಾಯ್ತಲ್ಲ..." ಎನ್ನುತ್ತಿದ್ದವರು ನಡುವೆಯೇ ನಿಲ್ಲಿಸಿ, ಹಾಲಿನ ಬಾಟಲಿ ಹಿಡಿದುಕೊಂಡೇ ಗಿಡದ ಬಳಿಗೆ ಓಡಿದರು.

ಎರಡು ದಿನ ನನ್ನೊಡನೆ ಮಾತಿಲ್ಲ. ಆ ದಿನ ಊಟವೂ ಇಲ್ಲ.

"ನನ್ನ ಮಂಡಿ ಕೊಯ್ದಾಗ್ಲೂ ಹೊಟ್ಟೆ ತುಂಬಾ ಉಂಡಿದ್ರು ಕಣೇ ಈ ಮನುಷ್ಯ" ಎಂದಳು ಅಕ್ಕ.

ಇನ್ನು ಗಿಡವಾದರೂ ನನ್ನ ಮಾನ ಉಳಿಸಿತೇ? ಕವಲೂ ಇಲ್ಲ, ಚಿಗುರೂ ಇಲ್ಲ. ಕೆಳಗಿನ ನಾಲ್ಕು ಕಡ್ಡಿ ಹಳದಿಯಾಗಿ ಉದುರಿದವು. ಮೈಸೂರಿನ ಬಿಸಿಲಿನ ಪಾಠವನ್ನು ಮಂಜು ಬೀಳುವ ಊರಿನಲ್ಲಿ ಒಪ್ಪಿಸಿದ್ದೆ ನಾನು! ಆ ಮನುಷ್ಯ ಮಗುವಿನಂತೆ ಸಾಕಿದ್ದನ್ನು ಕೊಂದೇಬಿಟ್ಟೆನೇನೋ! ಪ್ರಾಯಶ್ಚಿತ್ತಕ್ಕೆ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದೆ: ಐದೂವರೆಗೆ ಎಲೆಗಳ ಧೂಳು ಒರೆಸುವುದು, ಒಂಬತ್ತಕ್ಕೆ ಕಿಟಕಿಯ ಬಳಿ ಇಡುವುದು, ಹನ್ನೆರಡಕ್ಕೆ ಕುಂಡ ಅರ್ಧ ಸುತ್ತು ತಿರುಗಿಸುವುದು, ಮೂರಕ್ಕೆ ಮತ್ತೆ ಹೀಟರಿನ ಮುಂದೆ. ಇನ್ನೂರು ಹುಡುಗಿಯರು ನನ್ನ ಟೈಮ್‌ಟೇಬಲ್ಲಿಗೆ ಬಗ್ಗಿದ್ದರು. ಈ ಗಿಡ ಬಗ್ಗಲಿಲ್ಲ.

ಟೈಮ್‌ಟೇಬಲ್ ಹಾಕಿದ ನಾಲ್ಕನೇ ದಿನ ಮೂರು ಗಂಟೆಗೆ ಕುಂಡ ಎತ್ತಲು ಹೋದಾಗ ಇನ್ನೊಂದು ಬದಿಗೆ ಭಾವನೂ ಕೈ ಹಾಕಿದರು.

"ಒಬ್ಳೇ ಎತ್ತಿ ಸೊಂಟ ಹಿಡಿಸ್ಕಬೇಡಮ್ಮ. ಆಮೇಲೆ ಅಕ್ಕನ್ ಪಕ್ಕ ನಿಂಗೂ ಒಂದು ಮಂಚ ಹಾಕ್ಬೇಕಾಯ್ತದೆ."

ಅಂದಿನಿಂದ ಕುಂಡವನ್ನು ಇಬ್ಬರೂ ಸೇರಿ ಎತ್ತಿದೆವು. ನಾನು ಹೊರಡಲು ಒಂದು ವಾರವಿದೆ ಎನ್ನುವಾಗ ಭಾವ ಭೂತಗನ್ನಡಿ ಹಿಡಿದು ಕೂಗಿದರು. "ಬಾರಮ್ಮ ಇಲ್ಲಿ! ಎಲ್ಡು ಬಂದವೆ!" ಚಿವುಟಿದ ಜಾಗದ ಎರಡೂ ಬದಿಯಲ್ಲಿ ಎಳ್ಳುಕಾಳಿನಷ್ಟು ಹಸಿರು. ನಾವಿಬ್ಬರೂ ತಲೆಗೆ ತಲೆ ತಾಗಿಸಿಕೊಂಡು ನೋಡಿದೆವು. ಅಕ್ಕ ಕೋಲೂರಿಕೊಂಡು ಬಂದು, "ಅವಳಿ ಮಕ್ಕಳಾ?" ಎಂದಳು.

ಹೊರಡುವ ದಿನ ಐದೂವರೆಗೆ ಕಣ್ಣು ಬಿಟ್ಟೆ. ಜನ್ಮದಲ್ಲಿ ಮೊದಲ ಬಾರಿಗೆ ಯಾರೋ ನನಗಿಂತ ಮೊದಲೇ ಎದ್ದಿದ್ದರು. ಮನೆ ತುಂಬ ಒಗ್ಗರಣೆಯ ಗಮಲು! ಕಡಲೆಬೀಜ, ಇಂಗು, ಹುಣಸೆಗೊಜ್ಜು, ಅವೆಲ್ಲದರ ಮೇಲೆ ಕರಿಬೇವು. ನಮ್ಮ ಡಬ್ಬಿಯ ಒಣಗಿದ ಎಲೆಯಿಂದ ಈ ಗಮಲು ಬರಲು ಸಾಧ್ಯವಿಲ್ಲ. ಹೀಟರಿನ ಕಡೆ ತಿರುಗಿದೆ. ಗಿಡ ಬೋಳಾಗಿ ನಿಂತಿತ್ತು. ಕಡ್ಡಿಯ ತುದಿಯಲ್ಲಿ ಆ ಎರಡು ಚಿಗುರು ಬಿಟ್ಟರೆ ಒಂದು ಎಲೆಯೂ ಇರಲಿಲ್ಲ.

"ಏನ್ ಭಾವ ಇದು! ಏನು ಮಾಡಿಬಿಟ್ಟಿರಿ!"

ಅವರು ಬಾಣಲೆಯಿಂದ ತಲೆ ಎತ್ತಲಿಲ್ಲ. ಪುಳಿಯೋಗರೆಯನ್ನು ಡಬ್ಬಿಗೆ ಒತ್ತಿ ಒತ್ತಿ ತುಂಬುತ್ತಿದ್ದರು.

"ನೀನೇ ಹೇಳ್ತಿದ್ದಲ್ಲಮ್ಮ, ಕಿತ್ತಷ್ಟೂ ಚಿಗುರ್ತದೆ ಅಂತ. ಊರಿಂದ ಬಂದೋಳನ್ನ ಬರೀ ಅನ್ನ ಕಟ್ಟಿ ಕಳ್ಸಕಾಯ್ತದಾ? ಸುಮ್ಕೆ ಸ್ನಾನಕ್ಕೋಗು, ವಿಮಾನ ನಿನ್ ಗಂಟೆ ಕಾಯಲ್ಲ."

ವಿಮಾನದಲ್ಲಿ ಡಬ್ಬಿ ತೆರೆದೆ. ಅನ್ನಕ್ಕಿಂತ ಎಲೆಯೇ ಹೆಚ್ಚಿತ್ತು. ಯಾದವಗಿರಿ ಮುಟ್ಟಿದ ಕೂಡಲೇ ಮೊದಲು ಕೀಳಬೇಕಾದದ್ದು ಆ ಬೋರ್ಡನ್ನು ಎಂದುಕೊಳ್ಳುತ್ತಿರುವಾಗ ಬೆರಳುಗಳು ತಮ್ಮ ಅಭ್ಯಾಸದಂತೆ ಒಂದೆಲೆಯನ್ನು ಹೆಕ್ಕಿ ಮುಚ್ಚಳದ ಅಂಚಿಗೆ ಇಟ್ಟಿದ್ದವು. ನೋಡಿದೆ. ವಾಪಸು ತೆಗೆದುಕೊಂಡು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಅಗಿದೆ. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು.

ಗಗನಸಖಿ ಎಂಜಲು ಎತ್ತಲು ಬಂದಾಗ ಮುಚ್ಚಳದಲ್ಲಿ ಒಂದು ಎಲೆಯೂ ಇರಲಿಲ್ಲ.