ಮೂರನೆಯ ಒತ್ತಾಯಕ್ಕೆ ಕಾದವನು

ಮರ್ಯಾದಸ್ಥನಾಗಿದ್ದರೆ ಹೊಟ್ಟೆ ತುಂಬುವುದಿಲ್ಲ ಎಂಬ ವಿಷಯವನ್ನು ನಮ್ಮ ಹಿರಿಯರು ಯಾಕೋ ಮುಚ್ಚಿಟ್ಟಿದ್ದಾರೆ. ದಾವಣಗೆರೆಯ ನಮ್ಮ ಮನೆಯಲ್ಲಿ ನಾನು ನಡೆಯಲು ಕಲಿತದ್ದು ಯಾವಾಗ ಎಂದು ಕೇಳಿದರೆ ಅಮ್ಮ ಯೋಚಿಸಬೇಕು; ಬೇರೆಯವರ ಮನೆಯಲ್ಲಿ ‘ಬೇಡ’ ಎನ್ನಲು ಕಲಿತದ್ದು ಯಾವಾಗ ಎಂದರೆ ಥಟ್ಟನೆ ಹೇಳುತ್ತಾಳೆ. ಕ್ರಮ ಹೀಗಿದೆ. ಮೊದಲ ಸಲ ಕೇಳಿದರೆ ‘ಅಯ್ಯೋ, ಬೇಡ.’ ಎರಡನೆಯ ಸಲ ಕೇಳಿದರೆ ‘ಈಗ ತಾನೇ ಆಯ್ತು.’ ಮೂರನೆಯ ಸಲ ಅವರು ಗದರಿದರೆ, ಅವರ ಮನಸ್ಸಿಗೆ ನೋವಾಗಬಾರದಲ್ಲ, ಅದಕ್ಕಾಗಿ ‘ಹಾಗಾದ್ರೆ ಒಂಚೂರು.’ ಈ ಒಂಚೂರು ಎಂದರೆ ಎರಡು ತಟ್ಟೆ ಉಪ್ಪಿಟ್ಟು ಎಂಬುದು ಬಡಿಸುವವರಿಗೂ ಗೊತ್ತು, ತಿನ್ನುವವರಿಗೂ ಗೊತ್ತು. ಮೊದಲ ಸಲಕ್ಕೇ ತಟ್ಟೆ ಮುಂದೆ ಒಡ್ಡುವವನನ್ನು ‘ಊಟ ಕಾಣದವನು’ ಎನ್ನುತ್ತಾರೆ. ಇಷ್ಟು ಉನ್ನತ ಶಿಕ್ಷಣ ಮುಗಿಸಿಕೊಂಡು, ಇನ್ನೂ ಉನ್ನತ ಶಿಕ್ಷಣಕ್ಕೆಂದು, ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮಲೇಷ್ಯಾದ ಮಲಾಕ್ಕಾಕ್ಕೆ ಬಂದಿಳಿದೆ.

ನಾನು ಎಲ್ಲವನ್ನೂ ತಾರೀಖು ಹಾಕಿ ದಿನಚರಿಯಲ್ಲಿ ಬರೆದಿಡುವವನು. ಸೋಪು ಎಂದು ಬಿಚ್ಚಿದೆ, ಎಂದು ಸವೆಯಿತು ಎಂಬುದೂ ಅದರಲ್ಲಿದೆ. ಇಂಥ ಶಿಸ್ತಿನವನು ಹೊರದೇಶದಲ್ಲಿ ಸೋಲುವುದಿಲ್ಲ ಎಂದು ನನಗೆ ನಾನೇ ಪ್ರಮಾಣಪತ್ರ ಕೊಟ್ಟುಕೊಂಡಿದ್ದೆ. ನನಗೆ ಕೋಣೆ ಸಿಕ್ಕಿದ್ದು ಹಳೇ ಪೇಟೆಯ ಒಂದು ಚೀನೀ ಮನೆಯಲ್ಲಿ. ಎದುರಿನಿಂದ ನೋಡಿದರೆ ಬಾಗಿಲಷ್ಟೇ ಅಗಲ. ಒಳಗೆ ಹೋದರೆ ಮುಗಿಯುವುದೇ ಇಲ್ಲ, ರೈಲಿನ ಬೋಗಿಯ ಹಾಗೆ. ನಡುವೆ ಆಕಾಶಕ್ಕೆ ತೆರೆದ ಒಂದು ತೊಟ್ಟಿ. ಅದರ ಪಕ್ಕ ಮನೆಯೊಡತಿ ಲಿಮ್ ಆಂಟಿಯ ಅಡುಗೆಮನೆ, ಅದರ ಮೇಲೆ ಸರಿಯಾಗಿ ನನ್ನ ಕಿಟಕಿ. ಅಂದರೆ ಬಾಡಿಗೆಯಲ್ಲಿ ಒಗ್ಗರಣೆಯ ವಾಸನೆಯೂ ಸೇರಿತ್ತು.

ಬಂದ ದಿನವೇ ಆಂಟಿ ಮೆಟ್ಟಿಲ ಬಳಿ ಎದುರಾದರು. “ಊಟ ಆಯ್ತಾ?” ಅವರು ಕೇಳಿದ್ದು ಇಂಗ್ಲಿಷಿನಲ್ಲಿ, ಆದರೂ ನಮ್ಮೂರಿನ ಪ್ರಶ್ನೆಯೇ! ಸಂತೋಷದಿಂದ “ಆಯ್ತು ಆಂಟಿ” ಎಂದೆ. “ಗುಡ್ ಲಾ” ಎಂದು, ಆ ಊರಿನವರ ಎಲ್ಲ ಮಾತಿಗೂ ಅಂಟುವ ‘ಲಾ’ ಸೇರಿಸಿ, ಅವರು ಒಳಗೆ ಹೋದರು. ಎರಡನೆಯ ಪ್ರಶ್ನೆ ತರಲು ಹೋಗಿದ್ದಾರೆ ಎಂದು ನಾನು ಮೆಟ್ಟಿಲ ಮೇಲೆ ಬಹಳ ಹೊತ್ತು ನಿಂತೇ ಇದ್ದೆ. ಅವರು ಬಟ್ಟೆ ಒಣಗಿಸಲು ಹೋಗಿದ್ದರು.

ಆಮೇಲಿನ ದಿನಗಳಲ್ಲಿ ಬೀದಿ ಕೊನೆಯ ಮಾಮಾಕ್ ಅಂಗಡಿ, ಅಂದರೆ ತಮಿಳು ಮುಸ್ಲಿಮರ ಹೋಟೆಲು, ನನ್ನನ್ನು ಸಾಕಿತು. ದುಡ್ಡು ಕೊಟ್ಟರೆ ಒತ್ತಾಯವಿಲ್ಲದೆಯೇ ಬಿಸಿ ಪರೋಟ. ಆದರೆ ಆ ವರ್ಷ ಚೀನೀ ಹೊಸ ವರ್ಷ, ರಂಜಾನ್ ಹಬ್ಬ ಎರಡೂ ಒಂದರ ಬೆನ್ನಿಗೊಂದು ಬಂದುಬಿಟ್ಟವು. ಚೀನೀಯರು ಬಾಗಿಲು ಹಾಕಿದರು, ಮಲಯರು ಊರಿಗೆ ಹೋದರು, ಮಾಮಾಕ್ ಅಂಗಡಿಯವನು ಕುರ್ಚಿಗಳಿಗೆ ಸರಪಳಿ ಬಿಗಿದು ಮಾಯವಾದ. ಇಡೀ ಊರು ತಿನ್ನಲು ಮನೆಯೊಳಗೆ ಸೇರಿಕೊಂಡಿತು. ಹೊರಗೆ ಉಳಿದವನು ನಾನೊಬ್ಬ.

ಚೀನೀ ಹೊಸ ವರ್ಷದ ಹಿಂದಿನ ದಿನ ಆಂಟಿ ಮಂಡಿನೋವಿನ ಕಾಲು ಎಳೆದುಕೊಂಡು ಮೇಲೆ ಬಂದರು. “ನಾಳೆ ನಮ್ಮ ಜೊತೆ ಊಟಕ್ಕೆ ಬರ್ತೀಯಾ? ವರ್ಷದ ಮೊದಲ ದಿನ ನಿನ್ನ ಹಾಗೆ ನಮ್ಮಲ್ಲೂ ಮಾಂಸ ಇಲ್ಲ. ಬರೀ ತರಕಾರಿ, ಅಣಬೆ ಲಾ.”

ಹೊಟ್ಟೆ ಹೂಂ ಅಂದಿತು. ಬಾಯಿ ಮಾತ್ರ ಅಮ್ಮನ ಕಡೆಯದು. “ಅಯ್ಯೋ, ಬೇಡ ಆಂಟಿ. ನಿಮಗ್ಯಾಕೆ ತೊಂದ್ರೆ?”

ಆಂಟಿ ನನ್ನ ಮುಖ ನೋಡಿದರು. “ಓಕೆ ಲಾ” ಎಂದು ಅದೇ ಕಾಲು ಎಳೆದುಕೊಂಡು ಇಳಿದರು.

ಮರುದಿನ ತೊಟ್ಟಿಯಿಂದ ಅಣಬೆಯ ಘಮ ಮೇಲೇರಿತು. ನನ್ನ ಬಳಿ ಇದ್ದ ಬಿಸ್ಕತ್ತು ಬೆಳಿಗ್ಗೆಯೇ ಮುಗಿದಿತ್ತು. ಅಮ್ಮ ಕೊಟ್ಟ ಶೇಂಗಾ ಚಟ್ನಿಪುಡಿ ಡಬ್ಬಿ ತುಂಬ ಇತ್ತು. ಕಲಸಲು ಅನ್ನ ಇರಲಿಲ್ಲ. ವಾಸನೆ ತಾಳಲಾರದೆ ಬೀದಿ ಸುತ್ತಿ ಬಂದರೆ ಬಾಗಿಲಲ್ಲೇ ಆಂಟಿ. “ಸ್ವಲ್ಪ ಏನಾದರೂ ತಿಂತೀಯಾ?”

ಇದು ಎರಡನೆಯ ಸಲ. ಗೆಲುವು ಇನ್ನೊಂದೇ ಹೆಜ್ಜೆ! “ಈಗ ತಾನೇ ಆಯ್ತು ಆಂಟಿ.”

“ಹೌದಾ? ಯಾವ ಅಂಗಡಿ ತೆಗೆದಿದೆ?”

ಈ ಪ್ರಶ್ನೆ ಅಮ್ಮನ ಪಾಠದಲ್ಲಿ ಇರಲಿಲ್ಲ. ನದಿಯ ಕಡೆ ಕೈ ತೋರಿಸಿದೆ.

“ಆ ಕಡೆ ಇರೋದು ಮ್ಯೂಸಿಯಂ ಲಾ” ಎಂದು ಆಂಟಿ ಒಳಗೆ ಹೋದರು. ಮೂರನೆಯ ಸಲ ಬರಲೇ ಇಲ್ಲ.

ಪಕ್ಕದ ಕೋಣೆಯ ಸ್ಟ್ಯಾನಿಯಣ್ಣ ಮಂಗಳೂರಿನವರು, ಯಾವುದೋ ಕಂಪನಿಯಲ್ಲಿ ಅಕೌಂಟೆಂಟು. ಕೆಳಗೆ ಊಟ ಮುಗಿಸಿ ಹಲ್ಲಿಗೆ ಕಡ್ಡಿ ಹಾಕುತ್ತಾ ಮೇಲೆ ಬಂದವರು, ನಾನು ಅಂಗೈಯಿಂದ ಚಟ್ನಿಪುಡಿ ನೆಕ್ಕುವುದನ್ನು ಕಂಡು ಬಾಗಿಲಲ್ಲೇ ನಿಂತರು.

“ಎಂತ ಅವಸ್ಥೆ ಮಾರಾಯ ಇದು! ಬರೀ ಪುಡಿ ತಿನ್ನುದಾ? ಕೆಳಗೆ ಅಷ್ಟು ಉಂಟು.”

“ಆಂಟಿ ಎರಡೇ ಸಲ ಕೇಳಿದ್ರು.”

“ಮತ್ತೆ? ಬ್ಯಾಂಡು ತರಿಸಬೇಕಿತ್ತಾ ನಿನಗೆ?”

ನಾನು ಕ್ರಮ ವಿವರಿಸಿದೆ. ಸ್ಟ್ಯಾನಿಯಣ್ಣ ಗೋಡೆ ಹಿಡಿದು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: “ಆಂಟಿ ಎಂತ ಗ್ರಹಿಸಿದ್ದಾರೆ ಗೊತ್ತುಂಟಾ? ಅವರು ಮುಟ್ಟಿದ್ದನ್ನ ನೀನು ತಿನ್ನುದಿಲ್ಲ ಅಂತ. ನಿನಗೋಸ್ಕರ ಮಾಂಸ ತಾಗದ ಹೊಸ ಬಾಣಲೆ ತಂದಿದ್ರು ಮಾರಾಯ. ಅದನ್ನ ನನಗೆ ತೋರಿಸಿ, ‘ಇನ್ನು ಅವನನ್ನ ಕರೆಯುದಿಲ್ಲ’ ಅಂದ್ರು.”

ನನ್ನ ಸಂಸ್ಕಾರಕ್ಕೆ ಹೊರದೇಶದಲ್ಲಿ ಸಿಕ್ಕ ಮೊದಲ ಪ್ರಶಸ್ತಿ ಅದು. ಚಟ್ನಿಪುಡಿ ಡಬ್ಬಿಯ ಮುಚ್ಚಳ ಹಾಕಿದೆ.

ನಾನು ಏಳುವಷ್ಟರಲ್ಲಿ ಸ್ಟ್ಯಾನಿಯಣ್ಣ ಕೆಳಗೆ ಹೋಗಿ, ಕರ್ನಾಟಕದ ಸಂಸ್ಕೃತಿಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದರು: “ಆಂಟಿ, ಅವನು ಬೇಡ ಅಂದ್ರೆ ಬೇಕು ಅಂತ.”

“ಹಾಗಂತ ಮೊದಲೇ ಹೇಳಬಾರದಾ!” ಎಂದು ಆಂಟಿ ಮೆಟ್ಟಿಲ ಕೆಳಗಿಂದಲೇ ನನ್ನನ್ನು ಗದರಿದರು. ದಾವಣಗೆರೆಯಿಂದ ಇಷ್ಟು ದೂರ ಬಂದ ಮೇಲೆ ಕೇಳಿಸಿದ ಮೊದಲ ಗದರಿಕೆ. ನಾಚಿಕೆ ಬಿಟ್ಟು ಇಳಿದು, ಹೊಸ ಬಾಣಲೆಯನ್ನು ಬರಿದು ಮಾಡಿದೆ. ಮೂರನೆಯ ತಟ್ಟೆ ಮುಗಿದಾಗ ನಿಜವಾಗಿಯೂ ಜಾಗ ಇರಲಿಲ್ಲ. ಆಂಟಿ ಅಂಟು ಅಕ್ಕಿಯ ಸಿಹಿ ಹಿಡಿದು ಬಂದರು.

“ಬೇಡ ಆಂಟಿ.”

“ಗೊತ್ತು ಗೊತ್ತು” ಎಂದು ಒಂದು ತುಂಡು ಹಾಕಿದರು.

“ಅಯ್ಯೋ, ನಿಜವಾಗ್ಲೂ ಬೇಡ!”

“ಪಾಪ, ಎಷ್ಟು ಹಸಿವು” ಎಂದು ಇನ್ನೊಂದು. ಸ್ಟ್ಯಾನಿಯಣ್ಣನ ಕಡೆ ನೋಡಿದೆ. ಅವರು ಕಿಟಕಿಯ ಕಡೆ ನೋಡಿದರು. ಕೊನೆಗೆ ಬುದ್ಧಿ ಉಪಯೋಗಿಸಿದೆ. ಬೇಡ ಎಂದರೆ ಬೇಕು ಎಂದಾದರೆ, ಬೇಕು ಎಂದರೆ ಬೇಡ ಎಂದಾಗಲೇಬೇಕು. ಧೈರ್ಯವಾಗಿ, “ಬೇಕು ಆಂಟಿ!” ಎಂದೆ.

“ನೋಡು, ಎಷ್ಟು ಬೇಗ ಕಲಿತ ಲಾ!” ಎಂದು ಆಂಟಿ ಇಡೀ ತಟ್ಟೆಯನ್ನೇ ನನ್ನ ಮುಂದೆ ಇಟ್ಟರು.

ನನ್ನ ದಿನಚರಿಯಲ್ಲಿ ಆ ದಿನದ ತಾರೀಖು ಇದೆ. ಅದರ ಕೆಳಗೆ ಒಂದು ಸಾಲೂ ಇಲ್ಲ. ಮೇಜಿನ ಮೇಲೆ ಬಗ್ಗಿ ಬರೆಯಲು ಆಗಲಿಲ್ಲ.