ಅವ್ವ ಬಸಿದ ಮೆಕ್ಸಿಕೋ ಸೂಪು

ನಾನು ಸುಲಭಕ್ಕೆ ಬೆಚ್ಚಿಬೀಳುವ ಆಸಾಮಿಯಲ್ಲ. ಪಾಂಡವಪುರದಲ್ಲಿ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿಯಿದೆ. ಸುಟ್ಟುಹೋದ ಬೋರ್‌ವೆಲ್ ಮೋಟರುಗಳ ಹೊಟ್ಟೆ ಬಗೆದು, ಹಳೇ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವುದು ನನ್ನ ಕಸುಬು. ಕರೆಂಟು ನನಗೆ ಹೊಡೆದಿರುವಷ್ಟು ನಮ್ಮ ಲೆಕ್ಕದ ಮೇಷ್ಟ್ರೂ ಹೊಡೆದಿಲ್ಲ. ಹೊಡೆದಾಗ ಕೈ ಒದರಿಕೊಂಡು, ‘ಥೂ ನಿನ್ನ’ ಎಂದು ಬೈದು, ಮತ್ತೆ ಕೆಲಸಕ್ಕೆ ಕೂತವನು ನಾನು. ಅಂಥವನು ನಮ್ಮ ಮನೆಯ ಅಡುಗೆಮನೆಯಲ್ಲೇ ಒಂದು ಪಾತ್ರೆಯ ಮುಚ್ಚಳ ತೆಗೆದು ನೋಡಿ, ಗೋಡೆ ಹಿಡಿದುಕೊಂಡು ನಿಂತೆ ಎಂದರೆ ನೀವು ನಂಬಬೇಕು.

ವಿಷಯ ನನ್ನ ಮದುವೆಯದು. ವಯಸ್ಸು ಹೇಳುವುದಿಲ್ಲ, ಹೇಳಿದರೆ ನೀವೂ ‘ಅಯ್ಯೋ ಪಾಪ’ ಎನ್ನುತ್ತೀರಿ, ಆ ಮಾತು ಕೇಳಿ ಕೇಳಿ ಸಾಕಾಗಿದೆ. ನಮ್ಮ ಕಡೆ ಈಗ ಕಾಲ ಪೂರ್ತಿ ತಿರುಗಿಬಿಟ್ಟಿದೆ. ಮೊದಲು ಗಂಡಿನವರು ಊರೂರು ಸುತ್ತಿ, ಉಪ್ಪಿಟ್ಟು ತಿಂದು, ‘ಹೇಳಿ ಕಳಿಸ್ತೀವಿ’ ಎಂದು ಮೀಸೆ ಒರೆಸಿಕೊಂಡು ಏಳುತ್ತಿದ್ದರಂತೆ. ಈಗ ಹೆಣ್ಣಿನವರು ಕಾರು ಮಾಡಿಕೊಂಡು ಬಂದು ಮೊದಲು ಮನೆ, ಆಮೇಲೆ ಬಚ್ಚಲು, ಆಮೇಲೆ ಗದ್ದೆ, ಹೊತ್ತು ಉಳಿದರೆ ಗಂಡು ನೋಡುತ್ತಾರೆ. ಹಾಗೆ ಮನೆ ನೋಡಲು ಬಂದವರು ಕಾಫಿ ಕುಡಿಯುತ್ತಾರೆ, ಬಿಸ್ಕತ್ತು ಮುರಿಯುತ್ತಾರೆ, ಬಾಳೆಹಣ್ಣು ಸುಲಿಯುತ್ತಾರೆ. ಊಟಕ್ಕೆ ಮಾತ್ರ ಕೂರುವುದಿಲ್ಲ. ಯಾಕೆಂದರೆ ಉಂಡರೆ ಸಂಬಂಧ ಒಪ್ಪಿದ ಹಾಗೆ. ಇದು ನಮ್ಮ ಹಿರಿಯರ ಕಾನೂನು. ಇದಕ್ಕೆ ಮೇಲ್ಮನವಿ ಇಲ್ಲ. ನಮ್ಮ ಮನೆಯಲ್ಲಿ ಬರೀ ಕಾಫಿ ಕುಡಿದು ಎದ್ದುಹೋದ ಹೆಣ್ಣಿನ ಕಡೆಯವರನ್ನೆಲ್ಲ ಒಟ್ಟು ಸೇರಿಸಿದರೆ ಒಂದು ಮದುವೆ ಛತ್ರ ತುಂಬುತ್ತದೆ. ಮದುವೆಯೊಂದು ಬಿಟ್ಟು ಮಿಕ್ಕೆಲ್ಲ ಇದ್ದ ಹಾಗಾಗುತ್ತದೆ.

ಒಂದು ದಿನ ಅಂಗಡಿಯಲ್ಲಿ ಮೋಟರಿಗೆ ಹೊಡೆದ ವಾರ್ನಿಷ್ ಒಣಗಲೆಂದು ಕಾಯುತ್ತಾ ಮೊಬೈಲು ಉಜ್ಜುತ್ತಿದ್ದೆ. ಒಂದು ವಿಡಿಯೋದಲ್ಲಿ ಮೆಕ್ಸಿಕೋ ದೇಶದ ಒಬ್ಬ ಅಮ್ಮ, ನಮ್ಮ ಅತ್ತೆಯಂಥದೇ ದಪ್ಪ ಕೈಯವಳು, ಶ್ಯಾವಿಗೆ ಮುರಿದು ಎಣ್ಣೆಯಲ್ಲಿ ಹುರಿಯುತ್ತಿದ್ದಳು. ಭಾಷೆ ಒಂದಕ್ಷರ ತಿಳಿಯಲಿಲ್ಲ, ಆದರೆ ಹುರಿಯುವುದಕ್ಕೆ ಭಾಷೆ ಯಾಕೆ? ಟೊಮೊಟೊ, ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ ರುಬ್ಬಿ ಅದಕ್ಕೆ ಸುರಿದಳು. ಬೆಂದ ಕಾಳನ್ನು ರಸದ ಸಮೇತ ಸೇರಿಸಿದಳು, ಕುದಿಸಿದಳು, ನಿಂಬೆಹುಳಿ ಹಿಂಡಿದಳು. ಕೆಳಗೆ ಇಂಗ್ಲಿಷಿನಲ್ಲಿ ‘ಹೊಟ್ಟೆ ತುಂಬುವ ಸೂಪು’ ಎಂದು ಬರೆದಿತ್ತು. ನನ್ನ ತಲೆಯಲ್ಲಿ ತಟ್ಟನೆ ಬಲ್ಬು ಹತ್ತಿತು. ಸೂಪು ಎಂದರೆ ಕುಡಿಯುವುದು. ಕುಡಿಯುವುದನ್ನು ಯಾವ ಹೆಣ್ಣಿನವರೂ ಬೇಡ ಎನ್ನುವ ಹಾಗಿಲ್ಲ. ಆದರೆ ಕುಡಿದು ಮುಗಿಸುವಷ್ಟರಲ್ಲಿ ಹೊಟ್ಟೆ ತುಂಬಿರುತ್ತದೆ!

ಈ ಉಪಾಯವನ್ನು ನಾಗಮಂಗಲದ ನನ್ನ ಸೋದರಮಾವ ಕೆಂಪಣ್ಣನಿಗೆ ಫೋನಿನಲ್ಲಿ ಹೇಳಿದೆ. ಕೆಂಪಣ್ಣಮಾವ ಜಮೀನಿನ ಕೇಸಿಗೆಂದು ಕೋರ್ಟು ಅಲೆದು ಅಲೆದು ಅರ್ಧ ವಕೀಲನಾಗಿದ್ದಾನೆ. ಕೇಳಿ ಕುಣಿದಾಡಿಬಿಟ್ಟ. “ಭೇಷ್ ಕಣ್ಲಾ! ಅವ್ರು ಕುಡ್ದು ಬಟ್ಲು ಕೆಳೀಕ್ ಮಡಗ್ಲಿ. ಕಾಳಿತ್ತು, ಶ್ಯಾವಿಗೆ ಇತ್ತು, ಇದು ಊಟ ಅಲ್ದೆ ಇನ್ನೇನು ಅಂತ ನಾನು ಪಾಯಿಂಟ್ ಎತ್ತೀನಿ. ನೀನು ಎಲೆಅಡಿಕೆ ತಟ್ಟೆ ರೆಡಿ ಮಡಗಿರು” ಎಂದ. ಅವ್ವನಿಗೆ ಮಾತ್ರ ಇಬ್ಬರೂ ಬಾಯಿಬಿಡಲಿಲ್ಲ. ಬೆಳಿಗ್ಗೆ ಅವ್ವನ ಕಿವಿಗೆ ಬಿದ್ದದ್ದು ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಿಗೆ ಊರಿನ ಸ್ವತ್ತಾಗಿರುತ್ತದೆ.

ಈ ಸಲ ಬರಲಿದ್ದ ಹೆಣ್ಣಿನವರು ಕೆ.ಆರ್. ಪೇಟೆ ತಾಲ್ಲೂಕು, ಹೇಮಗಿರಿ ಹತ್ತಿರದ ಊರಿನವರು. ಹುಡುಗಿಯ ಹೆಸರು ಸವಿತ. ಹಿಂದಿನ ವಾರ ಅವರ ಮನೆಗೆ ಹೋಗಿ ನೋಡಿ ಬಂದಿದ್ದೆವು. ನಾನು ಕೂಲ್ ಡ್ರಿಂಕ್ಸ್ ಲೋಟವನ್ನು ಪ್ಯಾಂಟಿನ ಮೇಲೆ ಚೆಲ್ಲಿಕೊಂಡಾಗ ಅವಳು ನಗದೆ ಒಂದು ಟವೆಲ್ಲು ತಂದುಕೊಟ್ಟಳು. ಅಷ್ಟು ಸಾಕು, ನಾನು ಬಿದ್ದುಹೋದೆ. ಹಿಂದಿನ ಸಂಬಂಧಗಳು ತಪ್ಪಿದಾಗ ‘ಹೋದರೆ ಹೋಗಲಿ’ ಎಂದಿದ್ದೆ. ಈ ಸಲ ಹಾಗೆನ್ನಲು ಬಾಯೇ ಬರಲಿಲ್ಲ. ಇವಳೂ ಕಾಫಿ ಕುಡಿದು ಹೋಗಿಬಿಟ್ಟರೆ ಎಂದು ಆ ಸೂಪಿನ ವಿಡಿಯೋವನ್ನೇ ಮತ್ತೆ ಮತ್ತೆ ನೋಡಿದೆ.

ಅವರು ಬರುವ ದಿನ ಮಧ್ಯಾಹ್ನ ಅವ್ವನನ್ನು ಹಸುವಿಗೆ ಹುಲ್ಲು ತರಲು ಕಳಿಸಿ, ಪಂಚೆ ಎತ್ತಿ ಕಟ್ಟಿ ಒಲೆ ಮುಂದೆ ನಿಂತೆ. ಸೋಮವಾರವಾದ್ದರಿಂದ ಕೋಳಿಯ ಮಾತಿಲ್ಲ. ಅಲಸಂದೆ ಕಾಳು ಬೇಯಿಸಿಟ್ಟುಕೊಂಡೆ. ಶ್ಯಾವಿಗೆ ಹುರಿಯುವ ಕೆಲಸವನ್ನಂತೂ ನನ್ನಷ್ಟು ಚೆನ್ನಾಗಿ ಮಾಡುವವರು ಮೆಕ್ಸಿಕೋದಲ್ಲೂ ಇರಲಾರರು. ಹೊಸ ತಾಮ್ರದ ತಂತಿಯ ಬಣ್ಣ ಬಂದ ತಕ್ಷಣ ಉರಿ ತಗ್ಗಿಸಬೇಕು. ಹಳೇ ತಂತಿಯ ಬಣ್ಣಕ್ಕೆ ತಿರುಗಿದರೆ ಕೆಟ್ಟಿತೆಂದು ಅರ್ಥ. ಬ್ಯಾಡಗಿ ಮೆಣಸಿನಕಾಯಿ ಸೇರಿಸಿ ರುಬ್ಬಿದ ಟೊಮೊಟೊ ರಸ ಸುರಿದು, ಕಾಳು ಬೆರೆಸಿ, ಒಂದು ಕುದಿ ಬಂದಾಗ ಸೌಟಿನಲ್ಲಿ ರುಚಿ ನೋಡಿದೆ. ನನಗೇ ಆಶ್ಚರ್ಯವಾಯಿತು. ಒಂದು ಬಟ್ಟಲು ಕುಡಿದರೆ ಸಂಜೆಯವರೆಗೆ ಏಳುವ ಹಾಗಿರಲಿಲ್ಲ. ಅಷ್ಟರಲ್ಲಿ ಹೊರಗೆ ಕಾರಿನ ಸದ್ದಾಯಿತು. ಸಣ್ಣ ಉರಿಯಲ್ಲಿ ಬಿಟ್ಟು ಷರಟು ಹಾಕಿಕೊಳ್ಳಲು ಓಡಿದೆ.

ಬಂದವರು ಮೂವರು: ಹುಡುಗಿ, ಅವಳ ಅಪ್ಪ, ಅವಳ ದೊಡ್ಡಮ್ಮ. ದೊಡ್ಡಮ್ಮ ಎಂದರೆ ಸಾಮಾನ್ಯ ಹೆಂಗಸಲ್ಲ. ಗೋಡೆಗೆ ಬೆರಳಿನಿಂದ ಕುಟ್ಟಿ ಸಿಮೆಂಟು ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ನೋಡಿದಳು. ಕೂತ ತಕ್ಷಣ ಅಪ್ಪ, “ಊಟಗೀಟ ಏನೂ ಬ್ಯಾಡಿ, ಕಾಪಿ ಸಾಕು” ಎಂದರು. ಸವಿತಳ ಮುಖ ಬಾಡಿತ್ತು. ನಾಚಿಕೆಯಿರಬೇಕು ಎಂದುಕೊಂಡೆ. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದೆ. ಅವಳು ಬಿಟ್ಟ ಕಣ್ಣು ಬಿಟ್ಟಂತೆ ನನ್ನ ಕಡೆಯೇ ನೋಡುತ್ತಿದ್ದಳು. ನಾನು ಹೊಟ್ಟೆ ಒಳಕ್ಕೆ ಎಳೆದುಕೊಂಡು, ಕ್ರಾಪು ಸರಿಮಾಡಿಕೊಂಡೆ. ಬೆಳಿಗ್ಗೆಯೇ ನಾಗಮಂಗಲದಿಂದ ಬಂದಿದ್ದ ಮಾವ ಗಂಟಲು ಸರಿಮಾಡಿ, “ಊಟ ಬ್ಯಾಡ ಅಂದ್ರೆ ಬುಡಿ. ನಮ್ ಹುಡ್ಗ ಮೆಕ್ಸಿಕೋ ದೇಶದ ಸೂಪು ಕಾಯ್ಸವ್ನೆ. ಒಂದ್ ಬಟ್ಲು ಕುಡೀರಿ” ಎಂದ. ಅಪ್ಪ ದೊಡ್ಡಮ್ಮನ ಮುಖ ನೋಡಿದರು. ದೊಡ್ಡಮ್ಮ ಸ್ವಲ್ಪ ಯೋಚಿಸಿ, “ಕುಡ್ಯದು ತಾನೆ, ಆಗ್ಲಿ” ಎಂದು ಅಪ್ಪಣೆ ಕೊಟ್ಟಳು. ಗೆದ್ದೆ ಎಂದುಕೊಂಡು ಒಳಗೆ ಹೋಗಿ ಮುಚ್ಚಳ ತೆಗೆದೆ.

ಶಿವನೇ! ಪಾತ್ರೆಯಲ್ಲಿ ಬರೀ ಕೆಂಪು ನೀರು. ಒಂದು ಕಾಳಿಲ್ಲ, ಒಂದೆಳೆ ಶ್ಯಾವಿಗೆಯಿಲ್ಲ. ಹಿತ್ತಲ ಬಾಗಿಲಿಂದ ಬಂದಿದ್ದ ಅವ್ವ ಪಕ್ಕದ ಒಲೆಯಲ್ಲಿ ಬಾಣಲೆಗೆ ಕಾಯಿತುರಿ ಉದುರಿಸುತ್ತಿದ್ದಳು. ಬಾಣಲೆಯೊಳಗೆ ನನ್ನ ಶ್ಯಾವಿಗೆ, ನನ್ನ ಅಲಸಂದೆ, ಮೇಲೆ ಸಾಸಿವೆ ಕರಿಬೇವಿನ ಒಗ್ಗರಣೆ! ಅವ್ವ ಹೆಮ್ಮೆಯಿಂದ, “ಕಾಳು ಬೆಂದು ಕರಗೋಗ್ತಿತ್ತು ಕಣ್ ಮಗ, ನೀನು ಬಸಿಯದ ಮರ್ತು ಓಡೋಗಿದ್ದೆ. ನಾನೇ ಬಸ್ದೆ. ಸಾರೂ ಆಯ್ತು, ಪಲ್ಯಾನೂ ಆಯ್ತು” ಎಂದಳು. ಹೌದು, ಬಸ್ಸಾರು! ನಮ್ಮ ಸೀಮೆಯ ಹೆಂಗಸಿನ ಎದುರಿಗೆ ಕಾಳು ಕುದಿಯುತ್ತಿದ್ದರೆ ಅವಳು ಬಸಿಯದೆ ಬಿಡುತ್ತಾಳೆಯೇ? ಕಾಳು ಪಲ್ಯಕ್ಕೆ, ನೀರು ಸಾರಿಗೆ. ಹುಟ್ಟಿದಾಗಿನಿಂದ ಅವಳು ಮಾಡಿಕೊಂಡು ಬಂದದ್ದೇ ಅದು. ಕೈಗೆ ಸಿಕ್ಕ ಗೋಡೆ ಹಿಡಿದುಕೊಂಡು ನಿಂತೆ. ಹೊರಗೆ ಮಾವ, “ಬತ್ತದೆ, ಬತ್ತದೆ, ಬಿಸಿಬಿಸಿ” ಎಂದು ಆಸೆ ಹುಟ್ಟಿಸುತ್ತಿದ್ದ.

ವಿಧಿಯಿಲ್ಲದೆ ಆ ನೀರನ್ನೇ ಬಟ್ಟಲುಗಳಿಗೆ ಹಾಕಿ ತಂದಿಟ್ಟೆ. ದೊಡ್ಡಮ್ಮ ಚಮಚೆಯಲ್ಲಿ ಬಟ್ಟಲಿನ ತಳ ಕೆರೆದು ನೋಡಿ, ಗಟ್ಟಿ ಪದಾರ್ಥ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಆಮೇಲೆ ಕುಡಿದಳು. ಅಪ್ಪ, “ತಿಳಿಸಾರು ಚೆನ್ನಾಗದೆ. ಗಂಟ್ಲಿಗೆ ಒಳ್ಳೇದು” ಎಂದರು. ಮಾವ ತನ್ನ ಬಟ್ಟಲಿಗೆ ಇಣುಕಿದ, ನನ್ನ ಮುಖ ನೋಡಿದ, ಮತ್ತೆ ಬಟ್ಟಲು ನೋಡಿದ. ಕೇಸು ಬಿದ್ದುಹೋಗಿತ್ತು. ಅಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ನಾನು ಎಷ್ಟೋ ಸಲ ಕೇಳಿದ್ದ ಅದೇ ಧಾಟಿಯಲ್ಲಿ, “ಸರಿ, ಮನೇಲಿ ಮಾತಾಡ್ಕೊಂಡು ಫೋನ್ ಮಾಡ್ತೀವಿ” ಎಂದು ಎದ್ದರು. ಆ ಫೋನು ಯಾವತ್ತೂ ಬರುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನಗೆ ಅಳು ಬಂದಿತ್ತು, ಸುಳ್ಳೇಕೆ ಹೇಳಲಿ.

ಚಪ್ಪಲಿ ಮೆಟ್ಟುವಾಗ ದೊಡ್ಡಮ್ಮ, “ಸವಿತ ಎಲ್ಲಿ?” ಎಂದಳು. ನೀರು ಕುಡಿದು ಬರುತ್ತೇನೆಂದು ಒಳಗೆ ಹೋದವಳು ಬಂದೇ ಇರಲಿಲ್ಲ. ಎಲ್ಲರೂ ಅಡುಗೆಮನೆಗೆ ನುಗ್ಗಿದೆವು. ನುಗ್ಗಿದವರು ಹಾಗೇ ನಿಂತುಬಿಟ್ಟೆವು. ಸವಿತ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಮುಂದೆ ತಟ್ಟೆ. ತಟ್ಟೆಯಲ್ಲಿ ಮುಕ್ಕಾಲು ಮುಗಿದಿದ್ದ ರಾಗಿಮುದ್ದೆ, ಪಕ್ಕದಲ್ಲಿ ನನ್ನ ಮೆಕ್ಸಿಕೋ ಪಲ್ಯದ ಗುಡ್ಡೆ. ಅವ್ವ ಸೌಟು ಹಿಡಿದು ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತಿದ್ದಳು. ದೊಡ್ಡಮ್ಮ ಎದೆ ಹಿಡಿದುಕೊಂಡು, “ಅಯ್ಯೋ ನಿನ್ ಮನೆ ಕಾಯೋಗ! ಉಂಡ್ಬುಟ್ಯಾ?” ಎಂದು ಕಿರುಚಿದಳು. ಸವಿತ ತುತ್ತು ನುಂಗಿ, ನಮ್ಮನ್ನೆಲ್ಲ ಒಂದು ಸುತ್ತು ನೋಡಿ, ಅವ್ವನ ಕಡೆ ತಿರುಗಿ, “ಇನ್ನೊಸಿ ಪಲ್ಯ ಇಕ್ಕಿ” ಎಂದಳು. ಅವ್ವ, “ಮಗ ಅಸ್ಕೊಂಡಿತ್ತು ಕಣಮ್ಮ, ಇಕ್ಕುದೆ. ಅದ್ರಲ್ಲೇನು ಕಿರ್‍ಚದು?” ಎಂದು ದೊಡ್ಡಮ್ಮನನ್ನೇ ಗದರಿಸಿದಳು. ಮಾವನಿಗೆ ಮಾತ್ರ ಜೀವ ಬಂತು. “ಮುದ್ದೆ! ಮುದ್ದೆ ಸ್ವಾಮಿ! ಇದಕ್ಕೆ ಯಾವ್ ಸಾಕ್ಷಿ ಬೇಕು?” ಎಂದು ಎಲೆಅಡಿಕೆ ತಟ್ಟೆಗೆ ಓಡಿದ. ಅಪ್ಪ ತಟ್ಟೆಯ ಮುಂದೆ ಕೂತರು. ಮಗಳನ್ನು, “ಏನವ್ವ, ತಿಳ್ದು ಉಂಡ್ಯಾ?” ಎಂದು ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು. ಈ ಸಲ ಹಿಡಿದುಕೊಳ್ಳಲು ಗೋಡೆಯೂ ಸಿಗದೆ ದೊಡ್ಡಮ್ಮನ ತೋಳು ಹಿಡಿದುಕೊಂಡೆ.

ಮದುವೆಯಾಯಿತು. ತಿಂಗಳುಗಟ್ಟಲೆ ನಾನು ಅಂಗಡಿಗೆ ಬಂದವರಿಗೆಲ್ಲ, ನನ್ನ ಕೈಯಡುಗೆ ತಿಂದು ಹುಡುಗಿ ಜಾಗದಲ್ಲೇ ಒಪ್ಪಿದಳೆಂದು ಹೇಳಿಕೊಂಡು ಮೆರೆದೆ. ಮೊನ್ನೆ ಭಾನುವಾರ ಅವ್ವನನ್ನು ಅಡುಗೆಮನೆಯ ಹತ್ತಿರ ಬಿಡದೆ, ಸೂಪನ್ನು ಸೂಪಿನಂತೆಯೇ ಮಾಡಿ ಸವಿತಳಿಗೆ ಕೊಟ್ಟೆ. ಕುಡಿದು, “ಚೆನ್ನಾಗದೆ. ಬಸ್ದಿದ್ರೆ ಇನ್ನೂ ಚೆನ್ನಾಗಿರದು” ಎಂದಳು. ಸರಿ, ಸೋಲು ಒಪ್ಪಿಕೊಂಡು, ಅವತ್ತು ಬಾಗಿಲಲ್ಲಿ ನಿಂತಿದ್ದ ನನ್ನನ್ನು ಅಷ್ಟು ಹೊತ್ತು ನೋಡಿದೆಯಲ್ಲ, ಏನು ಮೆಚ್ಚಿದೆ ಎಂದು ಕೇಳಿದೆ.

“ನಿಮ್ಮನ್ನಾ?” ಎಂದು ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. “ನಿಮ್ ಹಿಂದ್ಲಿಂದ ಒಗ್ಗರಣೆ ವಾಸ್ನೆ ಬತ್ತಿತ್ತು ಕಣ್ರೀ. ಬೆಳಿಗ್ಗೆಯಿಂದ ಹೊಟ್ಟೆಗೇನಿಲ್ಲ. ಎಲ್ಲೂ ಉಣ್ಣಂಗಿಲ್ಲ ಅಂತ ದೊಡ್ಡಮ್ಮ ಆಣೆ ಇಡ್ಸಿದ್ರು. ನಿಮ್ದು ಅವತ್ತು ಮೂರ್ನೇ ಮನೆ. ನಿಮ್ಮವ್ವ ಬ್ಯಾರೆ ಏನೂ ಕೇಳ್ನಿಲ್ಲ, ‘ಅಸ್ದಿದ್ಯಾ ಮಗ’ ಅಂದ್ರು. ಆವಾಗ್ಲೇ ನಾನು ಒಪ್ಕೊಂಡೆ.”

ಮೂರನೇ ಮನೆ! ಮೊದಲ ಎರಡು ಮನೆಗಳಲ್ಲಿ ಯಾರೂ ಯಾಕೆ ಇಕ್ಕಲಿಲ್ಲ ಎಂದು ತಡವರಿಸುತ್ತಾ ಕೇಳಿದೆ. ಎರಡನೆಯ ಮನೆಯಲ್ಲಿ ನಾಯಿ ಇತ್ತಂತೆ, ಒಳಗೆ ಹೋಗಲು ಬಿಡಲಿಲ್ಲವಂತೆ. ಕರಿಘಟ್ಟದ ಹತ್ತಿರದ ಮೊದಲನೆಯ ಮನೆಯಲ್ಲಿ ಹೊಸ ಟೈಲ್ಸ್ ಹಾಕಿಸುತ್ತಿದ್ದರಂತೆ, ಅಡುಗೆಮನೆಯ ಬಾಗಿಲು ಹಾಕಿಬಿಟ್ಟಿದ್ದರಂತೆ. ಈಗ ಮೋಟರು ಬಿಚ್ಚಲೆಂದು ಆ ಕಡೆ ಹೋದಾಗಲೆಲ್ಲ ಬೈಕು ನಿಧಾನ ಮಾಡಿ ಅದು ಯಾವ ಮನೆಯಿರಬಹುದು ಎಂದು ಹುಡುಕುತ್ತೇನೆ. ಸಿಕ್ಕಿದರೆ ಆ ಟೈಲ್ಸ್ ಕೆಲಸದವನಿಗೆ ಒಂದು ಬಟ್ಟಲು ಸೂಪು ಕುಡಿಸಬೇಕು.